ಗೆದ್ದೆತ್ತಿನ ಬಾಲ ಹಿಡಿಯುವ ಮುನ್ನ

ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ದಿನ ಇಸ್ಪೀಟಿನ ಎಲೆ ಮುಟ್ಟದ ಮನೆಗಳು ವಿರಳ. ವರ್ಷವಿಡೀ ಜೂಜನ್ನು ನಿಷಿದ್ಧವೆಂದು ಬೋಧಿಸುವ ಹಿರಿಯರು ಕೂಡ ಅಂದು ಬೇವು-ಬೆಲ್ಲ ಸವಿದು, ಒಬ್ಬಟ್ಟಿನ ಊಟ ಮುಗಿಸಿ, ಜಗಲಿಯಲ್ಲಿ ಚಾಪೆ ಹಾಸಿಕೊಂಡು ಚಿಲ್ಲರೆ ಕಾಸಿನ ಪಣವಿಟ್ಟು ಕುಳಿತುಬಿಡುತ್ತಾರೆ. ಹೊಸ ವರ್ಷದ ಫಲವನ್ನು ಪಂಚಾಂಗದಲ್ಲಿ ಕೇಳಿದ ಮೇಲೆ ಎಲೆಗಳಲ್ಲಿಯೂ ಒಮ್ಮೆ ಕೇಳಿ ನೋಡುವ ಸಂಪ್ರದಾಯವಿದು. ಕಳೆದ ಯುಗಾದಿಯಂದು ನಮ್ಮ ಮನೆಯ ಜಗಲಿಯಲ್ಲಿಯೂ ಇಂತಹುದೇ ಕೂಟ ಸೇರಿತ್ತು. ಆದರೆ ಎಲ್ಲರಿಗಿಂತ ಚೆನ್ನಾಗಿ ಆಡಬಲ್ಲ ನನ್ನ ತಂಗಿಯ ಮಗ ಮಾತ್ರ ಎಲೆ ಮುಟ್ಟದೆ ದೂರ ಕುಳಿತಿದ್ದ.

ತಂಗಿ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: ‘ಅಣ್ಣ, ನೀನು ಎಷ್ಟೋ ಜನರ ವಿಚಾರಣೆ ಮಾಡಿದವನು. ಇವನಿಗೂ ಒಂದು ಮಾತು ಹೇಳು. ಕೆಲಸ ಬಿಟ್ಟು ಪೋಕರ್ ಆಡ್ತೀನಿ ಅಂತ ಕೂತಿದ್ದಾನೆ.’

ಮೂವತ್ತೆರಡು ವಯಸ್ಸಿನ ಈ ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎರಡು ವರ್ಷಗಳ ಹಿಂದೆ ಗೋವಾದಲ್ಲಿ, ಮಾಂಡವಿ ನದಿಯಲ್ಲಿ ಲಂಗರು ಹಾಕಿರುವ ಕ್ಯಾಸಿನೊ ಹಡಗೊಂದರಲ್ಲಿ, ಸುಮಾರು ನೂರು ಮಂದಿ ಭಾಗವಹಿಸಿದ್ದ ಪೋಕರ್ ಟೂರ್ನಮೆಂಟಿನಲ್ಲಿ ಮೊದಲ ಸ್ಥಾನ ಪಡೆದು ಎಂಟು ಲಕ್ಷ ರೂಪಾಯಿ ತಂದಿದ್ದ. ಅಂದಿನಿಂದ ತಾನು ಹುಟ್ಟಿರುವುದೇ ಇದಕ್ಕೆಂಬ ನಂಬಿಕೆ ಅವನಲ್ಲಿ ಬೇರೂರಿತ್ತು. ನಾನು ಉಪದೇಶಕ್ಕೆ ಇಳಿಯಲಿಲ್ಲ. ಮೂವತ್ತೈದು ವರ್ಷಗಳ ಸರ್ಕಾರಿ ಸೇವೆ ಕಲಿಸಿದ ಒಂದೇ ವಿದ್ಯೆಯೆಂದರೆ ಮೊದಲು ಕಡತ ತರಿಸುವುದು. ‘ಲೆಕ್ಕ ಇಟ್ಟಿದ್ದೀಯಾ?’ ಎಂದು ಕೇಳಿದೆ. ಇಟ್ಟಿದ್ದ. ಒಟ್ಟು 46 ಟೂರ್ನಮೆಂಟುಗಳು. ಪ್ರವೇಶಶುಲ್ಕವಾಗಿ ಕಟ್ಟಿದ್ದು 14 ಲಕ್ಷ 20 ಸಾವಿರ. ಬಂದ ಬಹುಮಾನ, ಆ ಎಂಟು ಲಕ್ಷವೂ ಸೇರಿ, 11 ಲಕ್ಷ 60 ಸಾವಿರ. ವಿಮಾನ, ಹೋಟೆಲು ವೆಚ್ಚ ಬೇರೆ.

‘ನಷ್ಟವೇ ಆಗಿದೆಯಲ್ಲಯ್ಯ’ ಎಂದೆ. ‘ಮಾವ, ಇದು ನಷ್ಟ ಅಲ್ಲ, ದುರದೃಷ್ಟ. ಗೆದ್ದದ್ದು ಮಾತ್ರ ಕೌಶಲ’ ಎಂದ. ಹೀಗೆ ಹೇಳುವ ಮೊದಲ ಮನುಷ್ಯ ಅವನೇನಲ್ಲ. ಆದರೆ ಅವನ ಮಾತನ್ನು ಅಲ್ಲಗಳೆಯುವುದಕ್ಕೂ, ಒಪ್ಪುವುದಕ್ಕೂ ನನ್ನಲ್ಲಿ ಆಧಾರವಿರಲಿಲ್ಲ. ಆದುದರಿಂದ ನಿವೃತ್ತನ ಬಿಡುವನ್ನು ಈ ಆಟದ ಅಧ್ಯಯನಕ್ಕೆ ಮೀಸಲಿಟ್ಟೆ. ಎಂ.ಎ.ಯಲ್ಲಿ ಓದಿದ ಸಂಭಾವ್ಯತಾ ಶಾಸ್ತ್ರ ಇಷ್ಟು ತಡವಾಗಿ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಇಂದು ಹೆಚ್ಚು ಪ್ರಚಲಿತವಾಗಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬ ಆಟಗಾರನಿಗೆ ಎರಡು ಗುಪ್ತ ಎಲೆಗಳು ಸಿಗುತ್ತವೆ. ಮೇಜಿನ ಮಧ್ಯೆ ಐದು ಎಲೆಗಳು ಹಂತಹಂತವಾಗಿ ಎಲ್ಲರಿಗೂ ಕಾಣುವಂತೆ ತೆರೆದುಕೊಳ್ಳುತ್ತವೆ: ಮೊದಲು ಮೂರು, ಅನಂತರ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಶ್ರೇಷ್ಠವಾದ ಐದು ಎಲೆಗಳ ಜೋಡಣೆ ಯಾರದೋ ಅವರು ಗೆದ್ದಂತೆ. ಪ್ರತಿ ಹಂತದಲ್ಲಿಯೂ ಪಣ ಏರಿಸಬಹುದು, ಸರಿಸಮ ಕಟ್ಟಬಹುದು ಅಥವಾ ಎಲೆ ಬಿಸಾಡಿ ಹಿಂದೆ ಸರಿಯಬಹುದು. ಎಲ್ಲರೂ ಹಿಂದೆ ಸರಿದರೆ ಉಳಿದವನು ಎಲೆ ತೋರಿಸದೆಯೇ ಗೆಲ್ಲುತ್ತಾನೆ. ಆದುದರಿಂದಲೇ ಕೈಯಲ್ಲಿ ಏನೂ ಇಲ್ಲದೆಯೂ ಇದ್ದಂತೆ ನಟಿಸುವ ಬ್ಲಫ್ ಈ ಆಟದ ಜೀವಾಳ. ಗಣಿತಜ್ಞ ಜಾನ್ ವಾನ್ ನ್ಯೂಮನ್ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆಗೂಡಿ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಮೂಲಗ್ರಂಥದಲ್ಲಿ ಪೋಕರಿಗೂ ಬ್ಲಫ್‌ಗೂ ವಿಸ್ತೃತ ಸ್ಥಾನ ದೊರೆತಿರುವುದು ಇದೇ ಕಾರಣಕ್ಕೆ.

ಟೂರ್ನಮೆಂಟ್ ಎಂಬುದು ಇದಕ್ಕೆ ತೊಡಿಸಿದ ವಿಶೇಷ ಕವಚ. ಎಲ್ಲರೂ ಸಮಾನ ಶುಲ್ಕ ತೆತ್ತು ಸಮಾನ ಸಂಖ್ಯೆಯ ಚಿಪ್‌ಗಳನ್ನು ಪಡೆಯುತ್ತಾರೆ. ಈ ಚಿಪ್‌ಗಳನ್ನು ನಡುವೆ ನಗದಾಗಿಸುವಂತಿಲ್ಲ. ಮುಗಿದವನು ಎದ್ದು ಹೋಗುತ್ತಾನೆ. ಎಲ್ಲರ ಚಿಪ್‌ಗಳೂ ಒಬ್ಬನ ಮುಂದೆ ರಾಶಿ ಬೀಳುವ ತನಕ ಆಟ ನಡೆಯುತ್ತದೆ. ‘ಬ್ಲೈಂಡ್’ ಎಂಬ ಕಡ್ಡಾಯ ಪಣ ನಿಯತ ಕಾಲಕ್ಕೊಮ್ಮೆ ಏರುತ್ತಾ ಹೋಗುವುದರಿಂದ ಒಳ್ಳೆಯ ಎಲೆ ಬರಲೆಂದು ಕಾದು ಕುಳಿತವನ ಚಿಪ್‌ಗಳು ತಾವಾಗಿ ಕರಗುತ್ತವೆ. ಎಷ್ಟೇ ನಿಪುಣನಾದರೂ ಒಂದಲ್ಲ ಒಂದು ಗಳಿಗೆಯಲ್ಲಿ ಇದ್ದುದೆಲ್ಲವನ್ನೂ ಮುಂದೆ ತಳ್ಳಿ ‘ಆಲ್ ಇನ್’ ಎನ್ನಲೇಬೇಕು. ಬಹುಮಾನದ ಹಂಚಿಕೆಯೂ ವಿಚಿತ್ರವೇ: ಸ್ಥೂಲವಾಗಿ ನೂರರಲ್ಲಿ ಹತ್ತು-ಹದಿನೈದು ಮಂದಿಗೆ ಮಾತ್ರ ಏನಾದರೂ ದಕ್ಕುತ್ತದೆ, ಅದರಲ್ಲಿ ಸಿಂಹಪಾಲು ಮೊದಲ ಕೆಲವರಿಗೆ.

ಇಲ್ಲಿ ಅದೃಷ್ಟ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಸರಳ ಲೆಕ್ಕವೊಂದನ್ನು ನೋಡೋಣ. ನನ್ನ ಕೈಯಲ್ಲಿ ಎರಡು ಎಕ್ಕಗಳಿವೆ. 221 ಹಂಚಿಕೆಗಳಲ್ಲಿ ಸರಾಸರಿ ಒಮ್ಮೆ ಮಾತ್ರ ಬರುವ ಭಾಗ್ಯವದು. ಎದುರಾಳಿಯ ಬಳಿ ಎರಡು ರಾಜ. ಮಧ್ಯದ ಎಲೆಗಳು ತೆರೆಯುವ ಮೊದಲೇ ಇಬ್ಬರೂ ಎಲ್ಲ ಚಿಪ್‌ಗಳನ್ನು ತಳ್ಳಿದೆವು. ಇದಕ್ಕಿಂತ ಉತ್ತಮ ಸನ್ನಿವೇಶವನ್ನು ಆಟಗಾರ ಬಯಸಲಾರ. ಆದರೂ ನಾನು ಗೆಲ್ಲುವ ಸಂಭವ ನೂರಕ್ಕೆ ಸುಮಾರು 82 ಮಾತ್ರ. ಸಣ್ಣ ಜೋಡಿಯೊಂದು ದೊಡ್ಡ ಜೋಡಿಯನ್ನು ಐದರಲ್ಲಿ ಒಂದು ಸಲ ಸೋಲಿಸಿಯೇ ತೀರುತ್ತದೆ. ಈಗ, ನೂರಕ್ಕೆ 80ರಷ್ಟು ಅನುಕೂಲವಿರುವ ಇಂತಹ ನಿರ್ಣಾಯಕ ಪಣಗಳನ್ನು ಒಂದು ಟೂರ್ನಮೆಂಟಿನಲ್ಲಿ ಐದು ಬಾರಿ ಎದುರಿಸಬೇಕೆಂದು ಭಾವಿಸಿ. ಐದನ್ನೂ ದಾಟಿ ಉಳಿಯುವ ಸಂಭವ ನೂರಕ್ಕೆ 33ಕ್ಕಿಂತ ಕಡಿಮೆ. ಹತ್ತು ಬಾರಿಯಾದರೆ 11ಕ್ಕಿಂತ ಕಡಿಮೆ. ಒಂದು ತಪ್ಪನ್ನೂ ಮಾಡದವನು ಹತ್ತರಲ್ಲಿ ಒಂಬತ್ತು ಸಲ ಮನೆಗೆ ನಡೆಯುತ್ತಾನೆ.

ಈ ಸತ್ಯವನ್ನು ಜಗತ್ತಿಗೆ ಸಾರಿದ ಪ್ರಸಂಗ ನಡೆದದ್ದು 2003ರಲ್ಲಿ, ಲಾಸ್ ವೇಗಸ್‌ನಲ್ಲಿ. ಅಲ್ಲಿ 1970ರಿಂದ ನಡೆಯುತ್ತಿರುವ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಈ ಕ್ಷೇತ್ರದ ಮಹಾಕುಂಭ. ಮುಖ್ಯ ಸ್ಪರ್ಧೆಯ ಪ್ರವೇಶಶುಲ್ಕ 10 ಸಾವಿರ ಡಾಲರ್. ಕ್ರಿಸ್ ಮನಿಮೇಕರ್ ಎಂಬ ಅನ್ವರ್ಥನಾಮದ ಟೆನೆಸ್ಸಿಯ ಅಕೌಂಟೆಂಟ್ ಒಬ್ಬ ಅಂತರ್ಜಾಲದ ಅರ್ಹತಾ ಸ್ಪರ್ಧೆಯಲ್ಲಿ ನೂರು ಡಾಲರಿಗೂ ಕಡಿಮೆ ಹಣ ಹೂಡಿ ಅಲ್ಲಿಗೆ ಪ್ರವೇಶ ಗಿಟ್ಟಿಸಿದ. 839 ಮಂದಿಯನ್ನೊಳಗೊಂಡ ಆ ಕಣದಲ್ಲಿ ಅಂತಿಮ ಮೇಜಿನ ಹೊಸ್ತಿಲಲ್ಲಿ ಅವನಿಗೆ ಎದುರಾದವನು ಫಿಲ್ ಐವಿ, ಆ ಪೀಳಿಗೆಯ ಅತ್ಯಂತ ಸಮರ್ಥ ಆಟಗಾರರಲ್ಲೊಬ್ಬ. ಮನಿಮೇಕರ್ ಬಳಿ ಎಕ್ಕ ಮತ್ತು ರಾಣಿ. ಐವಿ ಬಳಿ ಒಂಬತ್ತರ ಜೋಡಿ. ಮೊದಲ ಮೂರು ಎಲೆಗಳಲ್ಲಿ ಎರಡು ರಾಣಿ ಬಂದು ಮನಿಮೇಕರ್ ಮುಂದಾದ. ನಾಲ್ಕನೆಯ ಎಲೆಯಾಗಿ ಒಂಬತ್ತು ಬಂದು ಐವಿ ಅವನನ್ನು ಹಿಂದಿಕ್ಕಿದ. ಕೊನೆಯ ಎಲೆ ಎಕ್ಕ! ಐವಿ ಹೊರನಡೆದ, ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. ಆ ಒಂದು ಎಲೆ ಬೇರೆಯಾಗಿದ್ದರೆ ಪೋಕರ್ ಇತಿಹಾಸವೇ ಬೇರೆಯಾಗಿರುತ್ತಿತ್ತು.

ಏಕೆಂದರೆ ಸಾಮಾನ್ಯ ಉದ್ಯೋಗಿಯೊಬ್ಬ ಅಲ್ಪ ಬಂಡವಾಳದಿಂದ ಚಾಂಪಿಯನ್ ಆದ ಸುದ್ದಿ ಲಕ್ಷಾಂತರ ಜನರನ್ನು ಮೇಜಿನತ್ತ ಸೆಳೆಯಿತು. ಮುಖ್ಯ ಸ್ಪರ್ಧೆಯ ಆಟಗಾರರ ಸಂಖ್ಯೆ 2004ರಲ್ಲಿ 2,576ಕ್ಕೆ, 2005ರಲ್ಲಿ 5,619ಕ್ಕೆ, 2006ರಲ್ಲಿ 8,773ಕ್ಕೆ ಏರಿತು. 2024ರಲ್ಲಿ ಅದು 10,112. ಗೆದ್ದೆತ್ತಿನ ಬಾಲ ಹಿಡಿಯುವುದೆಂದರೆ ಇದು. ಬಾಲ ಹಿಡಿದವರ ಸಂಖ್ಯೆ ಹೆಚ್ಚಿದಂತೆಲ್ಲ ಯಾವನೇ ಒಬ್ಬ ಗೆಲ್ಲುವ ಸಂಭವ ಕುಗ್ಗುತ್ತದೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ. ಸರಾಸರಿ ಆಟಗಾರನಿಗಿಂತ ಐದು ಪಟ್ಟು ಸಮರ್ಥನಾದವನೊಬ್ಬನಿದ್ದಾನೆಂದು ಇಟ್ಟುಕೊಂಡರೂ ಹತ್ತು ಸಾವಿರ ಮಂದಿಯ ಕಣದಲ್ಲಿ ಅವನು ಪ್ರಶಸ್ತಿ ಗೆಲ್ಲುವ ಸಂಭವ ಎರಡು ಸಾವಿರದಲ್ಲಿ ಒಂದು. ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಾದ್ದರಿಂದ ಆತ ಸರಾಸರಿ ಎರಡು ಸಾವಿರ ವರ್ಷ ಕಾಯಬೇಕು. ಜಾನಿ ಚಾನ್ 1987 ಮತ್ತು 1988ರಲ್ಲಿ ಸತತವಾಗಿ ಗೆದ್ದು 1989ರಲ್ಲಿ ಎರಡನೆಯವನಾದದ್ದು ಅಸಾಧಾರಣ ಸಾಧನೆಯೇ. ಆದರೆ ಆಗ ಕಣದಲ್ಲಿದ್ದವರು ಇನ್ನೂರಕ್ಕಿಂತ ಕಡಿಮೆ ಮಂದಿ. ಸ್ಟೂ ಉಂಗರ್ 1980, 1981ರ ಅನಂತರ 1997ರಲ್ಲಿ ಮತ್ತೊಮ್ಮೆ ಗೆದ್ದ ಮೇಲೆ ಹಿಂದಿನ ಯಾವ ಚಾಂಪಿಯನ್ನನೂ ಮುಖ್ಯ ಸ್ಪರ್ಧೆಯನ್ನು ಮತ್ತೆ ಗೆದ್ದಿಲ್ಲ.

ಹಾಗಾದರೆ ಇದೆಲ್ಲ ಶುದ್ಧ ಅದೃಷ್ಟವೇ? ಅಲ್ಲ ಎನ್ನಲು ಬಲವಾದ ಸಾಕ್ಷ್ಯವಿದೆ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಕಾನೂನು ಪ್ರಾಧ್ಯಾಪಕ ಥಾಮಸ್ ಮೈಲ್ಸ್ 2010ರ ವರ್ಲ್ಡ್ ಸೀರೀಸ್‌ನ ಫಲಿತಾಂಶಗಳನ್ನು ಪರಿಶೀಲಿಸಿದರು. ಸ್ಪರ್ಧೆ ಆರಂಭವಾಗುವ ಮೊದಲೇ ನಿಪುಣರೆಂದು ಗುರುತಿಸಲ್ಪಟ್ಟಿದ್ದ ಆಟಗಾರರು ಹೂಡಿದ ಶುಲ್ಕದ ಮೇಲೆ ಶೇ. 30ಕ್ಕೂ ಮೀರಿದ ಲಾಭ ಪಡೆದಿದ್ದರು, ಉಳಿದವರು ಶೇ. 15ರಷ್ಟು ನಷ್ಟ ಅನುಭವಿಸಿದ್ದರು. ಶುದ್ಧ ಅದೃಷ್ಟದಾಟದಲ್ಲಿ ಇಂತಹ ಅಂತರ ಸಾಧ್ಯವಿಲ್ಲ. ಮೈಕೆಲ್ ಮಿಜ್ರಾಚಿ 2025ರ ಬೇಸಿಗೆಯಲ್ಲಿ, 50 ಸಾವಿರ ಡಾಲರ್ ಶುಲ್ಕದ, ಘಟಾನುಘಟಿಗಳೇ ಸೇರುವ ಸ್ಪರ್ಧೆಯೊಂದನ್ನು ನಾಲ್ಕನೆಯ ಬಾರಿ ಗೆದ್ದು, ಕೆಲವೇ ವಾರಗಳಲ್ಲಿ ಮುಖ್ಯ ಸ್ಪರ್ಧೆಯನ್ನೂ ಗೆದ್ದ. ನಮ್ಮ ಪ್ರಾಚೀನರಿಗೂ ಇದು ತಿಳಿಯದ ವಿಷಯವಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನವನ್ನು ನೆನೆಯಿರಿ. ದ್ಯೂತದಲ್ಲಿ ರಾಜ್ಯ ಕಳೆದುಕೊಂಡ ನಳನಿಗೆ ಋತುಪರ್ಣ ರಾಜ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಧಾರೆಯೆರೆಯುವ ಮುನ್ನ ತಾರೆ ಮರವೊಂದರ ಎಲೆ-ಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಅಂದಾಜಿಸಿ ಹೇಳುತ್ತಾನೆ. ಎಣಿಕೆಗೂ ದಾಳದಾಟಕ್ಕೂ ಸಂಬಂಧವಿದೆಯೆಂದು ಆ ಕಥೆ ಹೇಳಿದವರಿಗೆ ಗೊತ್ತಿತ್ತು.

ಕೌಶಲವೂ ನಿಜ, ಅದೃಷ್ಟವೂ ನಿಜ. ಹಾಗಿದ್ದಮೇಲೆ ಕೇಳಬೇಕಾದ ಪ್ರಶ್ನೆ ‘ಯಾವುದು ಹೆಚ್ಚು’ ಎಂಬುದಲ್ಲ. ‘ಎಷ್ಟು ಸಲ ಆಡಿದ ಮೇಲೆ’ ಎಂಬುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ರೂಪಿಸಿದ ‘ಪ್ಲುರಿಬಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮ 2019ರಲ್ಲಿ ಐವರು ವೃತ್ತಿಪರರೊಡನೆ ಒಂದೇ ಮೇಜಿನಲ್ಲಿ ಆಡಿ ಮೇಲುಗೈ ಸಾಧಿಸಿತು. ಅದನ್ನು ಸಾಬೀತುಪಡಿಸಲು 12 ದಿನಗಳಲ್ಲಿ 10 ಸಾವಿರ ಹಂಚಿಕೆಗಳು ಬೇಕಾದವು; ಅಷ್ಟಾದರೂ ಸಾಲದೆ, ಫಲಿತಾಂಶದಿಂದ ಅದೃಷ್ಟದ ಪಾಲನ್ನು ತಗ್ಗಿಸುವ ವಿಶೇಷ ಸಂಖ್ಯಾಶಾಸ್ತ್ರೀಯ ವಿಧಾನವನ್ನೂ ಬಳಸಬೇಕಾಯಿತು. ಮನುಷ್ಯರು ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು 30 ಹಂಚಿಕೆಗಳಷ್ಟೇ ಸಾಧ್ಯ. ಯಂತ್ರಕ್ಕೇ ಇಷ್ಟು ಬೇಕಾದಲ್ಲಿ, ವಾರಾಂತ್ಯದಲ್ಲಿ ಗೋವಾಕ್ಕೆ ಹೋಗಿ ಬರುವವನು ತನ್ನ ಯೋಗ್ಯತೆಯನ್ನು ಯಾವ ಆಧಾರದ ಮೇಲೆ ನಿರ್ಧರಿಸಿಯಾನು?

ಅಳಿಯನಿಗಾಗಿ ನಾನು ಇನ್ನೊಂದು ಲೆಕ್ಕ ಮಾಡಿದೆ. ನೂರು ಮಂದಿಯ ಟೂರ್ನಮೆಂಟ್‌ಗಳನ್ನು ಐವತ್ತು ಸಲ ಆಡುವ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬ ಸಾಧಾರಣ, ಪ್ರತಿ ಸಲವೂ ಅವನು ಮೊದಲ ಸ್ಥಾನ ಪಡೆಯುವ ಸಂಭವ ನೂರರಲ್ಲಿ ಒಂದು. ಇನ್ನೊಬ್ಬ ಅವನಿಗಿಂತ ಎರಡು ಪಟ್ಟು ಸಮರ್ಥ. ಅವನ ಸಂಭವ ಐವತ್ತರಲ್ಲಿ ಒಂದು. ಐವತ್ತು ಟೂರ್ನಮೆಂಟ್‌ಗಳ ಅನಂತರ ಸಾಧಾರಣ ಆಟಗಾರನ ಕೈಯಲ್ಲಿ ಕನಿಷ್ಠ ಒಂದು ಪ್ರಥಮ ಬಹುಮಾನವಿರುವ ಸಂಭವ ನೂರಕ್ಕೆ 39. ಸಮರ್ಥನ ಕೈಯಲ್ಲಿ ಒಂದೂ ಇಲ್ಲದಿರುವ ಸಂಭವ ನೂರಕ್ಕೆ 36! ಅಂದರೆ ಒಂದು ಗೆಲುವು ಸಾಮರ್ಥ್ಯಕ್ಕೆ ಪ್ರಮಾಣಪತ್ರವಲ್ಲ. ಗೆಲುವಿನ ಅಭಾವ ಅಸಾಮರ್ಥ್ಯಕ್ಕೂ ಪುರಾವೆಯಲ್ಲ. ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ಗಣಿತದಲ್ಲಿ ನನಗಿಂತ ಚುರುಕಾದ ಹುಡುಗ; ಈ ಲೆಕ್ಕ ಅವನಿಗೆ ತಿಳಿಯದ್ದೇನಲ್ಲ. ತನ್ನ ವಿಷಯದಲ್ಲಿ ಅದನ್ನು ಮಾಡಿರಲಿಲ್ಲ, ಅಷ್ಟೆ.

‘ಆ ಎಂಟು ಲಕ್ಷ ಗೆದ್ದ ದಿನ ಚೆನ್ನಾಗಿ ಆಡಿದೆಯಾ?’ ಎಂದು ಕೇಳಿದೆ.

ಅವನು ತುಸು ತಡೆದು ಹೇಳಿದ: ‘ಮಾವ, ನಿಜ ಹೇಳಬೇಕು ಅಂದರೆ ಆವತ್ತು ನಾನು ಹೊರಗೆ ಹೋಗಬೇಕಾಗಿತ್ತು.’

ಹನ್ನೊಂದು ಮಂದಿ ಉಳಿದಿದ್ದಾಗ ಅವನ ಕೈಗೆ ಎಂಟರ ಜೋಡಿ ಬಂದಿತ್ತಂತೆ. ಬೆಳಗಿನಿಂದ ಅತ್ಯಂತ ಜಾಗರೂಕತೆಯಿಂದ ಆಡುತ್ತಿದ್ದ ಹಿರಿಯರೊಬ್ಬರು ಪಣ ಏರಿಸಿದರು, ಮತ್ತೆ ಏರಿಸಿದರು. ಅವರ ಕೈಯಲ್ಲಿ ದೊಡ್ಡ ಜೋಡಿಯಿದೆಯೆಂದು ಮೇಜಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಇವನು ಮಾತ್ರ ಅದನ್ನು ಬ್ಲಫ್ ಎಂದು ಭಾವಿಸಿ ಎಲ್ಲವನ್ನೂ ತಳ್ಳಿದ. ಅವರು ತೋರಿಸಿದ್ದು ಎರಡು ರಾಜ. ಮಧ್ಯದ ನಾಲ್ಕು ಎಲೆಗಳಿಂದ ಇವನಿಗೆ ಯಾವ ಸಹಾಯವೂ ಒದಗಲಿಲ್ಲ. ಕಾಣದೆ ಉಳಿದ 44 ಎಲೆಗಳಲ್ಲಿ ಇವನನ್ನು ಉಳಿಸಬಲ್ಲವು ಎರಡೇ ಎರಡು ಎಂಟು. ಇಪ್ಪತ್ತೆರಡರಲ್ಲಿ ಒಂದು ಅವಕಾಶ. ಕೊನೆಯ ಎಲೆ ಎಂಟಾಗಿತ್ತು. ಆ ಹಿರಿಯರು ಎದ್ದು ನಿಂತು, ಇವನ ಕೈ ಕುಲುಕಿ, ಏನೂ ಹೇಳದೆ ಹೊರಟುಹೋದರಂತೆ. ಎರಡು ವರ್ಷ ಇವನು ಕೌಶಲವೆಂದು ನಂಬಿಕೊಂಡು ಬಂದ ಕಟ್ಟಡದ ಅಡಿಗಲ್ಲು ಒಂದು ತಪ್ಪು ತೀರ್ಮಾನವಾಗಿತ್ತು. ಇನ್ನೊಂದು ಟೂರ್ನಮೆಂಟಿನಲ್ಲಿ ಎರಡು ಎಕ್ಕಗಳನ್ನು ಹಿಡಿದು, ಎದುರಾಳಿಯ ಸಣ್ಣ ಜೋಡಿಯ ವಿರುದ್ಧ ಎಲ್ಲವನ್ನೂ ಸರಿಯಾಗಿಯೇ ಹೂಡಿ, ಮೊದಲ ಗಂಟೆಯಲ್ಲಿಯೇ ಹೊರಬಿದ್ದಿದ್ದ. ಆ ದಿನವನ್ನು ಅವನ ಲೆಕ್ಕದ ಹಾಳೆ ಕೇವಲ ನಷ್ಟವೆಂದು ದಾಖಲಿಸಿತ್ತು.

ನಮ್ಮ ಕಾನೂನು ಕೂಡ ಬಹುಕಾಲದಿಂದ ಈ ಗೋಜಲಿನಲ್ಲಿ ಸಿಲುಕಿದೆ. 1957ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಸಿದ್ಧ ಚಮರ್‌ಬಾಗ್‌ವಾಲಾ ಪ್ರಕರಣದ ಮೂಲ ನಮ್ಮ ಬೆಂಗಳೂರೇ: ಇಲ್ಲಿ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಪದಬಂಧ ಬಹುಮಾನ ಸ್ಪರ್ಧೆಯ ಮೇಲೆ ಬೊಂಬಾಯಿ ರಾಜ್ಯ ತೆರಿಗೆ ಹೇರಿದಾಗ ಎದ್ದ ವ್ಯಾಜ್ಯವದು. ಜೂಜು ವ್ಯಾಪಾರವಲ್ಲ, ಆದರೆ ಗಣನೀಯ ಕೌಶಲ ಬೇಡುವ ಸ್ಪರ್ಧೆ ಜೂಜಲ್ಲ ಎಂಬ ವಿಭಜನೆ ಅಂದಿನಿಂದ ನೆಲೆಗೊಂಡಿತು. 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ಪಂದ್ಯ ಕೌಶಲದ ಪಟ್ಟಿಗೆ ಸೇರಿದವು. ಪೋಕರ್ ಮಾತ್ರ ಎತ್ತಲೂ ಸೇರದೆ ತೂಗಾಡಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜೆಂದಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅನೂರ್ಜಿತಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಹೂಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಈ ಕಾಯ್ದೆಯ ಯುಕ್ತಾಯುಕ್ತತೆ ಬೇರೆಯೇ ಚರ್ಚೆ. ನನ್ನ ಅಭಿಪ್ರಾಯ ಇಷ್ಟೇ: ಒಂದೇ ಆಟ ಒಂದು ರಾತ್ರಿಯ ಮಟ್ಟಿಗೆ ಅದೃಷ್ಟ, ಹತ್ತು ವರ್ಷಗಳ ಮಟ್ಟಿಗೆ ಕೌಶಲ. ಹತ್ತು ವರ್ಷ ಸೋಲನ್ನು ತಾಳಿಕೊಳ್ಳುವಷ್ಟು ಬಂಡವಾಳ ನಮ್ಮ ಮಧ್ಯಮ ವರ್ಗದ ಎಷ್ಟು ಮನೆಗಳಲ್ಲಿದೆ? ಕೌಶಲ ಫಲ ನೀಡುವ ಮೊದಲೇ ಕೈ ಬರಿದಾದವನಿಗೆ, ಅದು ಕೌಶಲದ ಆಟವೆಂಬ ತೀರ್ಪಿನಿಂದ ದೊರೆಯುವ ಸಮಾಧಾನ ಅತ್ಯಲ್ಪ.

ಇಷ್ಟೆಲ್ಲ ಹೇಳಿ ಅಳಿಯನನ್ನು ತಿದ್ದಿದೆನೆಂಬ ತೃಪ್ತಿಯಲ್ಲಿ ನಾನಿದ್ದೆ. ಆ ರಾತ್ರಿ ಮಲಗಿದಾಗ, ನನ್ನ ಲೆಕ್ಕದ ಹಾಳೆಯಲ್ಲಿಯೂ ಒಂದು ಎಂಟರ ಜೋಡಿ ಇರುವುದು ನೆನಪಾಯಿತು.

ತೊಂಬತ್ತರ ದಶಕದಲ್ಲಿ ನಾನು ಒಂದು ಉಪವಿಭಾಗದ ಅಧಿಕಾರಿಯಾಗಿದ್ದೆ. ಎದುರು ದಡದ ಉಪವಿಭಾಗದಲ್ಲಿ ನನಗಿಂತ ಎರಡು ವರ್ಷ ಹಿರಿಯರಾದ ಸಹೋದ್ಯೋಗಿಯಿದ್ದರು. ಒಂದು ಮಳೆಗಾಲದ ಸಂಜೆ, ಮೇಲಿನ ಜಲಾಶಯದಿಂದ ಹೊರಬಿಡುವ ನೀರು ರಾತ್ರಿ ಇನ್ನಷ್ಟು ಹೆಚ್ಚಬಹುದೆಂಬ ಸಂದೇಶ ಇಬ್ಬರಿಗೂ ಬಂತು. ಒಂದೇ ನದಿ, ಒಂದೇ ಸಂದೇಶ. ಅವರು ಹನ್ನೆರಡು ಹಳ್ಳಿಗಳನ್ನು ರಾತ್ರೋರಾತ್ರಿ ತೆರವು ಮಾಡಿಸಿದರು. ನಾನು ಬೆಳಗಾಗಲಿ ಎಂದು ಕಾದೆ. ನಡುರಾತ್ರಿಯ ಹೊತ್ತಿಗೆ ಮೇಲ್ಭಾಗದಲ್ಲಿ ಮಳೆ ನಿಂತಿತು. ನೀರು ಊರ ದೇವಾಲಯದ ಮೆಟ್ಟಿಲನ್ನು ಮುಟ್ಟಿ ಹಿಂದಿರುಗಿತು. ಕತ್ತಲಲ್ಲಿ ಟ್ರ್ಯಾಕ್ಟರಿನಿಂದ ಇಳಿಯುವಾಗ ಅವರ ಕಡೆಯ ಅಜ್ಜಿಯೊಬ್ಬಳ ಕಾಲು ಮುರಿದಿತ್ತು. ಅನಗತ್ಯ ಆತಂಕ ಸೃಷ್ಟಿಸಿ ಸಾರ್ವಜನಿಕ ಹಣ ಪೋಲು ಮಾಡಿದ್ದಕ್ಕೆ ವಿವರಣೆ ಕೇಳಿ ಅವರಿಗೆ ನೋಟಿಸು ಬಂತು. ‘ಸಂಯಮ ಮತ್ತು ಸಮಯಪ್ರಜ್ಞೆ’ಗಾಗಿ ನನ್ನ ಸೇವಾ ದಾಖಲೆಯಲ್ಲಿ ಪ್ರಶಂಸೆ ಸೇರಿತು.

ನನಗೆ ಯಾವ ಸಮಯಪ್ರಜ್ಞೆಯೂ ಇರಲಿಲ್ಲವೆಂಬುದನ್ನು ಇಂದು ಬರೆದಿಡುತ್ತೇನೆ. ತೆರವು ಮಾಡಿಸಿ ನೀರು ಬಾರದಿದ್ದರೆ ನಗೆಪಾಟಲಾದೇನೆಂಬ ಭಯವಿತ್ತು; ಬಂದರೆ ಏನೆಂಬುದನ್ನು ಯೋಚಿಸಲು ಮನಸ್ಸು ಒಪ್ಪಲಿಲ್ಲ. ಆ ಸಂಜೆ ನಮಗೆ ತಿಳಿದಿದ್ದ ಸಂಗತಿಗಳ ಆಧಾರದ ಮೇಲೆ ಅವರ ತೀರ್ಮಾನ ಸರಿ, ನನ್ನದು ತಪ್ಪು. ಕೊನೆಯ ಎಲೆ ನನ್ನ ಪರವಾಗಿ ಬಿತ್ತು. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಷ್ಟು ಹಿಂದೆಯೇ ಎರಡು ಬಗೆಯ ಅನಿಶ್ಚಿತತೆಯನ್ನು ಬೇರ್ಪಡಿಸಿದ: ಸಂಭವವನ್ನು ಅಳೆಯಬಹುದಾದದ್ದು ಒಂದು, ಅಳೆಯಲಾಗದ್ದು ಇನ್ನೊಂದು. ಇಸ್ಪೀಟಿನಲ್ಲಿ 44 ಎಲೆ ಉಳಿದಿವೆಯೆಂದು ಹೇಳಬಹುದು. ನದಿಯ ಕಟ್ಟಿನಲ್ಲಿ ಎಷ್ಟು ಎಲೆಗಳಿವೆಯೆಂದು ಹೇಳುವವರಿಲ್ಲ. ಅಳೆಯಬಹುದಾದ ಆಟದಲ್ಲಿಯೇ ಗೆಲುವನ್ನು ಜಾಣತನವೆಂದು ಭ್ರಮಿಸುವ ನಾವು ಅಳೆಯಲಾಗದ ವ್ಯವಹಾರಗಳಲ್ಲಿ ಎಷ್ಟು ಮಂದಿಗೆ ಅನ್ಯಾಯದ ಹಾರ, ಅನ್ಯಾಯದ ನೋಟಿಸು ನೀಡಿರಬಹುದು! ಮಳೆ ಬಂದ ವರ್ಷದ ಕೃಷಿ ನೀತಿ ಯಶಸ್ವಿ. ಬಾರದ ವರ್ಷದ್ದು ವಿಫಲ. ಶೇರು ಏರಿದಾಗ ಹೂಡಿದವನು ದಾರ್ಶನಿಕ. ಇಳಿದಾಗ ಹೂಡಿದವನು ಮೂರ್ಖ.

ಇದಕ್ಕೆ ಪರಿಹಾರ ಕಷ್ಟಸಾಧ್ಯವೇನಲ್ಲ. ಮಹತ್ವದ ತೀರ್ಮಾನ ಕೈಗೊಳ್ಳುವಾಗಲೇ ಅಧಿಕಾರಿಯು ತನಗೆ ತಿಳಿದಿದ್ದೇನು, ತಿಳಿಯದ್ದೇನು, ಇತರ ಆಯ್ಕೆಗಳೇನಿದ್ದವು ಎಂಬುದನ್ನು ಟಿಪ್ಪಣಿಯಲ್ಲಿ ದಾಖಲಿಸಬೇಕು. ವಿಚಾರಣೆ ನಡೆಸುವವರು ಪರಿಣಾಮದ ಪುಟವನ್ನು ತೆರೆಯುವ ಮೊದಲು ಆ ಟಿಪ್ಪಣಿಯನ್ನು ಓದಿ ಅಭಿಪ್ರಾಯ ಬರೆಯಬೇಕು. ಸೋತ ತೀರ್ಮಾನಗಳ ಜೊತೆಗೆ ಗೆದ್ದ ತೀರ್ಮಾನಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನಾನು ಹಲವು ಇಲಾಖಾ ವಿಚಾರಣೆಗಳನ್ನು ನಡೆಸಿದವನು. ಒಳ್ಳೆಯ ಫಲಿತಾಂಶ ತಂದ ಕೆಟ್ಟ ತೀರ್ಮಾನದ ಕಡತವೊಂದೂ ನನ್ನ ಮೇಜಿಗೆ ಬರಲಿಲ್ಲ. ಅಂತಹುದೊಂದು ನನ್ನದೇ ಕಪಾಟಿನಲ್ಲಿದ್ದರೂ.

ಯುಗಾದಿಯ ಮರುವಾರ ಆ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದೆ. ಅವರೀಗ ಎಪ್ಪತ್ತರ ಅಂಚಿನಲ್ಲಿದ್ದಾರೆ. ಮೂವತ್ತು ವರ್ಷ ತಡವಾಗಿ ಹೇಳಬೇಕಾದುದನ್ನು ಹೇಳಿದೆ. ಅವರು ನಕ್ಕು, ‘ಸ್ವಾಮಿ, ನೀವು ಕಾಯುತ್ತಾ ಕೂತದ್ದು ತಪ್ಪು ಅಂತ ನನಗೆ ಆವತ್ತೇ ಗೊತ್ತಿತ್ತು. ಆದರೂ ನೀರು ಇಳಿಯಲಿ ಅಂತ ನಿಮ್ಮ ದಡದ ಜನಕ್ಕೂ ಸೇರಿಸಿಯೇ ಬೇಡಿಕೊಂಡಿದ್ದೆ’ ಎಂದರು. ಆ ಅಜ್ಜಿ ಅನಂತರ ಹತ್ತು ವರ್ಷ ಬದುಕಿದ್ದಳೆಂದೂ, ಪ್ರತಿ ವರ್ಷ ಅವಳನ್ನು ಕಂಡು ಬರುತ್ತಿದ್ದರೆಂದೂ ಅಂದು ತಿಳಿಯಿತು.

ಅಳಿಯ ಕೆಲಸ ಬಿಡಲಿಲ್ಲ. ಆಟವನ್ನೂ ಬಿಟ್ಟಿಲ್ಲ, ವರ್ಷಕ್ಕೆ ಕಳೆದುಕೊಂಡರೂ ಚಿಂತೆಯಿಲ್ಲದಷ್ಟು ಹಣವನ್ನು ಪ್ರತ್ಯೇಕವಾಗಿಟ್ಟು, ಅದು ಮುಗಿದರೆ ಆ ವರ್ಷದ ಆಟ ಮುಗಿಯಿತೆಂದು ತನಗೆ ತಾನೇ ಕಟ್ಟಳೆ ವಿಧಿಸಿಕೊಂಡಿದ್ದಾನೆ. ತಂಗಿಗೆ ಪೂರ್ತಿ ಸಮಾಧಾನವಿಲ್ಲ, ನನಗೂ ಇಲ್ಲ. ಆದರೆ ಕಳೆದ ತಿಂಗಳು ಬಂದಾಗ ತನ್ನ ಲೆಕ್ಕದ ಹಾಳೆಯನ್ನು ತೋರಿಸಿದ. ಕಟ್ಟಿದ ಹಣ, ಬಂದ ಹಣಗಳ ಪಕ್ಕದಲ್ಲಿ ಹೊಸದೊಂದು ಕಲಂ ಸೇರಿದೆ: ‘ತೀರ್ಮಾನ ಸರಿಯಿತ್ತೇ?’ ಎಂಟು ಲಕ್ಷದ ಸಾಲಿನಲ್ಲಿ ಅವನು ‘ಇಲ್ಲ’ ಎಂದು ಬರೆದಿದ್ದಾನೆ.